ಗಾಲಿಕುರ್ಚಿಯಲ್ಲಿ ಕುಳಿತು ನಡೆಯಲು ಕಲಿಸಿದವರು

ಪಲ್ಲಾವರದಿಂದ ಬೆಂಗಳೂರಿನ ಕಡೆಗೆ ಹೊರಡುವ ನಮ್ಮವರ ರೈಲು ಕಾಟ್ಪಾಡಿಯನ್ನು ದಾಟಿಯೇ ಹೋಗಬೇಕು. ಅಲ್ಲಿ ಊರುಗೋಲು ಹಿಡಿದವರೂ ಮಕ್ಕಳ ಹೆಗಲಿನ ಆಸರೆ ಪಡೆದ ಹಿರಿಯರೂ ಇಳಿಯುವುದುಂಟು. ಅವರ ಪೈಕಿ ಅನೇಕರು ಸಮೀಪದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗುವವರು. ಕೈಕಾಲು ಸೋತವರಿಗಾಗಿ ಅಲ್ಲಿ ವಿಭಾಗವೊಂದನ್ನು ಕಟ್ಟಿ ಬೆಳೆಸಿದ ಡಾ. ಮೇರಿ ವರ್ಗೀಸರ ಪರಿಚಯವನ್ನು ನಮ್ಮ ವಾಚಕರಿಗೆ ಮಾಡಿಕೊಡಬಯಸುತ್ತೇವೆ.

ಇವರು ಕೊಚ್ಚಿಯವರು, ಹುಟ್ಟಿದ್ದು 1925ರಲ್ಲಿ. ವೆಲ್ಲೂರಿನಲ್ಲಿ ಓದಿ ವೈದ್ಯರಾಗಿದ್ದ ಇವರು 1954ರ ಜನವರಿಯಲ್ಲಿ ಸಹೋದ್ಯೋಗಿಗಳೊಡನೆ ಪ್ರವಾಸ ಹೊರಟಿದ್ದಾಗ ವಾಹನ ಅಪಘಾತಕ್ಕೀಡಾಯಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಇನ್ನು ಇವರ ಬಾಳು ಹಾಸಿಗೆಯಲ್ಲೇ ಎಂದು ಯಾರಿಗಾದರೂ ತೋರುವಂತಿತ್ತು.

ಆದರೆ ಅದೇ ಆಸ್ಪತ್ರೆಯ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕೈಗಳ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ದಾರಿ ತೋರಿದರು. ಈ ರೋಗದಿಂದ ನರಗಳು ಕೆಟ್ಟು ಬೆರಳುಗಳು ಮುದುಡಿಕೊಳ್ಳುತ್ತವೆ. ಚೆನ್ನಾಗಿರುವ ಬೇರೊಂದು ಸ್ನಾಯುವನ್ನು ಆ ಬೆರಳುಗಳಿಗೆ ಜೋಡಿಸುತ್ತಾರೆ. ಕಚೇರಿಯಲ್ಲಿ ಗುಮಾಸ್ತನನ್ನು ಬೇರೆ ಶಾಖೆಗೆ ವರ್ಗ ಮಾಡಿದಂತೆಯೇ ಇದು. ವರ್ಗವಾದ ಮಾತ್ರಕ್ಕೆ ಸಾಲದು, ಹೊಸ ಕೆಲಸವನ್ನು ಕಲಿಸಬೇಕಷ್ಟೆ? ಸ್ನಾಯುವಿಗೆ ಹೀಗೆ ಪಾಠ ಹೇಳುವವರೇ ಫಿಜಿಯೋಥೆರಪಿಸ್ಟರು. ದಿನದಿನವೂ ಅಭ್ಯಾಸ ಮಾಡಿಸದಿದ್ದರೆ ಶಸ್ತ್ರಚಿಕಿತ್ಸೆಯ ಫಲ ಕೈಗೆ ಹತ್ತುವುದಿಲ್ಲ.

ಡಾ. ವರ್ಗೀಸ್ ಆಸ್ಟ್ರೇಲಿಯದ ಪರ್ತ್‌ನಲ್ಲಿ ತಾವೇ ರೋಗಿಯಾಗಿ ಈ ಶಿಕ್ಷಣವನ್ನು ಪಡೆದರು. ಬಳಿಕ ನ್ಯೂಯಾರ್ಕಿನಲ್ಲಿ ಡಾ. ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ವೈದ್ಯೆಯಾಗಿ ತರಬೇತಿ ಹೊಂದಿದರು. 1963ರಲ್ಲಿ ವೆಲ್ಲೂರಿನ ವಿಭಾಗದ ಮುಖ್ಯಸ್ಥರಾದರು. 1966ರಲ್ಲಿ ರೋಗಿಗಳು ತಂಗಿದ್ದು ಕಲಿಯುವ ಪುನರ್ವಸತಿ ಸಂಸ್ಥೆ ಆರಂಭವಾಯಿತು. 1972ರಲ್ಲಿ ಪದ್ಮಶ್ರೀ ಬಂದಿತು. ಇವರು 1986ರಲ್ಲಿ ನಿಧನರಾದರು. ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆಯೇ ಎದುರಿಗೆ ಬಂದು "ಪ್ರಯತ್ನಿಸಿ" ಎಂದರೆ, ಆಗದೆಂದು ಹೇಳಲು ಯಾವ ರೋಗಿಗೆ ತಾನೇ ಬಾಯಿ ಬಂದೀತು?

ನಮ್ಮ ದೇಶದಲ್ಲಿ ಫಿಜಿಯೋಥೆರಪಿಯ ಕ್ರಮಬದ್ಧ ಶಿಕ್ಷಣ 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮೊದಲಾಯಿತು. ಈಗ ಪಲ್ಲಾವರದ ವೇಲ್ಸ್ ವಿಶ್ವವಿದ್ಯಾಲಯದಲ್ಲಿಯೂ ಇದನ್ನು ಕಲಿಸುತ್ತಾರೆ. 2021ರ ಕೇಂದ್ರ ಕಾಯಿದೆಯೊಂದು ಈ ವೃತ್ತಿಗೆ ಶಾಸನದ ಮನ್ನಣೆಯನ್ನೂ ಕೊಟ್ಟಿದೆ. ಆದರೂ ಇದು ಬರಿಯ ಎಣ್ಣೆ ತಿಕ್ಕುವ ಕೆಲಸವೆಂಬ ಭಾವನೆ ಮನೆಮನೆಯಲ್ಲಿದೆ. ಮಗಳೋ ಮಗನೋ ಈ ಓದನ್ನು ಆರಿಸಿಕೊಂಡರೆ ಮುಖ ಸಣ್ಣದು ಮಾಡುವವರೂ ಇದ್ದಾರೆ. ಇದು ತರವಲ್ಲ. ರೋಗಿಯ ಪ್ರಯತ್ನವನ್ನೇ ಔಷಧವನ್ನಾಗಿ ಮಾಡುವ ವಿದ್ಯೆ ಇದು.

ಮನೆಯವರಿಗೂ ಇದರಲ್ಲಿ ಪಾಠವುಂಟು. ಪಾರ್ಶ್ವವಾಯು ಬಡಿದ ಅಜ್ಜನಿಗೆ ಅಂಗಿಯ ಗುಂಡಿ ಹಾಕುವುದು, ತುತ್ತು ಮಾಡಿ ತಿನ್ನಿಸುವುದು ನಮ್ಮಲ್ಲಿ ಪ್ರೀತಿಯ ವಾಡಿಕೆ. ಆದರೆ ಬಳಸದ ಕೈ ಮತ್ತಷ್ಟು ಬಿಗಿಯುತ್ತದೆ. ಚಿಕಿತ್ಸಕರು ಅನುಮತಿಸಿದಷ್ಟನ್ನು ಅವರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ತಾಳ್ಮೆಯಿಂದ ಕುಳಿತಿರುವುದು ಇನ್ನೂ ದೊಡ್ಡ ಪ್ರೀತಿ. ಒಂದು ಗುಂಡಿಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ. ಅದು ಅವರೇ ಹಾಕಿಕೊಂಡ ಗುಂಡಿ.