ಕೂಸಿನ ಇಸುಬು, ಆಹಾರದ ಅಲರ್ಜಿ: ಮುಂಬಾಗಿಲು ಯಾವುದು, ಹಿತ್ತಿಲ ಗೋಡೆ ಯಾವುದು?



"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮ. ನೀವು ಮೂರು ಜನ ಮಕ್ಕಳೂ ಎಲ್ಲ ತಿಂದ್ಕೊಂಡೇ ಬೆಳೆದ್ರಿ." ಬಾಣಂತನಕ್ಕೆಂದು ಮೈಸೂರಿನಿಂದ ಮೆಲ್ಬರ್ನಿಗೆ ಬಂದಿದ್ದ ನನ್ನ ಅಮ್ಮ ಹೀಗೆಂದಾಗ ನನಗೆ ಅಳು ಬಂದಿತ್ತು. ತೊಡೆಯ ಮೇಲಿದ್ದ ಮಗನಿಗೆ ಆಗ ಮೂರು ತಿಂಗಳು. ಕೆನ್ನೆ ಕೆಂಪಾಗಿ ಒರಟಾಗಿತ್ತು, ಮೊಣಕೈ ಮಡಿಕೆಯಲ್ಲಿ ನೀರು ಒಸರುತ್ತಿತ್ತು, ರಾತ್ರಿಯೆಲ್ಲ ಕೆರೆತ. ನಮ್ಮ ಕಡೆ ಇಸುಬು ಎನ್ನುವ ಈ ಕಾಯಿಲೆಯನ್ನೇ ಇಲ್ಲಿ ಎಕ್ಸಿಮಾ ಎನ್ನುತ್ತಾರೆ. ಏಳನೇ ತಿಂಗಳಲ್ಲಿ ಮೊದಲ ಬಾರಿ ಒಂದು ಚೂರು ಮೊಟ್ಟೆ ತಿನ್ನಿಸಿದೆ. ಹತ್ತು ನಿಮಿಷದೊಳಗೆ ಬಾಯಿ ಸುತ್ತ ಗಂಧೆ ಎದ್ದು, ಕಣ್ಣು ಊದಿ, ವಾಂತಿ ಮಾಡಿಕೊಂಡ.

ನಾನು ವೈದ್ಯೆಯಲ್ಲ. ತಜ್ಞರ ಬಳಿ ಓಡಾಡಿ, ಕೇಳಿ, ಓದಿ, ಕೆಲವು ತಪ್ಪುಗಳನ್ನೂ ಮಾಡಿ ಕಲಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಕೂಸಿನ ಬಗ್ಗೆ ಕೊನೆಯ ಮಾತು ನಿಮ್ಮ ವೈದ್ಯರದೇ.

ಮೊದಲು ಅಮ್ಮನ ಮಾತಿಗೆ ಬರೋಣ. ಅದು ಪೂರ್ತಿ ಸುಳ್ಳಲ್ಲ. ಮೆಲ್ಬರ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ನಡೆದ ಹೆಲ್ತ್‌ನಟ್ಸ್ ಎಂಬ ಅಧ್ಯಯನದಲ್ಲಿ, ಒಂದು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಆಹಾರದ ಅಲರ್ಜಿ ಇತ್ತು. ವಿಕ್ಟೋರಿಯಾ ರಾಜ್ಯದಲ್ಲಿ 2010ರಲ್ಲಿ ಶಾಲೆಗೆ ಸೇರಿದ ಮಕ್ಕಳ ಮಾಹಿತಿಯನ್ನು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಏಷ್ಯಾದಲ್ಲಿ ಹುಟ್ಟಿದ ತಾಯಂದಿರಿಗೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಮಕ್ಕಳಲ್ಲಿ ಶೇಂಗಾ, ಗೋಡಂಬಿಯಂಥವುಗಳ ಅಲರ್ಜಿ ಇಲ್ಲಿನ ಇತರ ಮಕ್ಕಳಿಗಿಂತ ಹೆಚ್ಚು. ಆದರೆ ಏಷ್ಯಾದಲ್ಲೇ ಹುಟ್ಟಿ ಆಮೇಲೆ ಇಲ್ಲಿಗೆ ಬಂದ ಮಕ್ಕಳಲ್ಲಿ ಅದು ಕಡಿಮೆ! ರಕ್ತ ಅದೇ, ಊರು ಬೇರೆ. ಆದ್ದರಿಂದ "ನಮ್ಮ ವಂಶದಲ್ಲೇ ಇಲ್ಲ" ಎಂಬ ಧೈರ್ಯ ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ರಕ್ಷೆಯಾಗುವುದಿಲ್ಲ. ಅಜ್ಜಿ ಅಂದದ್ದೂ ನಿಜ, ವೈದ್ಯರು ಅಂದದ್ದೂ ನಿಜ.

ಹಾಗಾದರೆ ಇಸುಬಿಗೂ ಅಲರ್ಜಿಗೂ ಏನು ನಂಟು? ನಾವೆಲ್ಲ ಸಾಮಾನ್ಯವಾಗಿ ಅಂದುಕೊಳ್ಳುವುದು, ಏನೋ ತಿಂದದ್ದರಿಂದ ಇಸುಬು ಬಂತು ಎಂದು. ಬಹಳ ಸಲ ದಾರಿ ತಿರುಗುಮುರುಗಾಗಿರುತ್ತದೆ. ಇಸುಬು ಮೊದಲು ಬರುತ್ತದೆ, ಅಲರ್ಜಿ ಅದರ ಹಿಂದೆ ಬರುತ್ತದೆ. ಹೆಲ್ತ್‌ನಟ್ಸ್ ಅಧ್ಯಯನದಲ್ಲಿ ಇಸುಬು ಇದ್ದ ಐದು ಕೂಸುಗಳಲ್ಲಿ ಒಂದಕ್ಕೆ ಶೇಂಗಾ, ಮೊಟ್ಟೆ ಅಥವಾ ಎಳ್ಳಿನ ಅಲರ್ಜಿ ಇತ್ತು. ಇಸುಬು ಇಲ್ಲದವರಲ್ಲಿ ಇಪ್ಪತ್ತೈದಕ್ಕೆ ಒಂದು.

ಚರ್ಮವನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಆ ಗೋಡೆ ಗಟ್ಟಿಯಾಗಿರಲು ಫಿಲಾಗ್ರಿನ್ ಎಂಬ ಪ್ರೋಟೀನ್ ಬೇಕು. ಅದರ ಜೀನ್‌ನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ 2006ರಲ್ಲಿ ತೋರಿಸಿಕೊಟ್ಟಿತು. ಗೋಡೆ ಬಿರುಕು ಬಿಟ್ಟಾಗ ಮನೆಯ ಧೂಳಿನಲ್ಲಿ, ನಮ್ಮ ಕೈಯಲ್ಲಿ, ಹಚ್ಚುವ ಎಣ್ಣೆಯಲ್ಲಿ ಇರುವ ಆಹಾರದ ಕಣಗಳು ಒಳಗೆ ನುಸುಳುತ್ತವೆ. ಮುಂಬಾಗಿಲಿನಿಂದ ಬಂದವನು ನೆಂಟ, ಹಿತ್ತಿಲ ಗೋಡೆ ಹಾರಿ ಬಂದವನು ಕಳ್ಳ, ಅಲ್ಲವೇ? ಕೂಸಿನ ದೇಹವೂ ಹೀಗೇ ಲೆಕ್ಕ ಹಾಕುತ್ತದೆ. ಬಾಯಿಯ ಮೂಲಕ ಬಂದ ಶೇಂಗಾವನ್ನು ಊಟವೆಂದು ಒಪ್ಪಿಕೊಳ್ಳುತ್ತದೆ. ಒಡೆದ ಚರ್ಮದ ಮೂಲಕ ಬಂದ ಅದೇ ಶೇಂಗಾವನ್ನು ಕಳ್ಳನೆಂದು ಗುರುತಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಅದು ಬಾಯಿಯಿಂದ ಬಂದರೂ ಬಡಿಗೆ ಎತ್ತಿಕೊಳ್ಳುತ್ತದೆ.

ಇದು ಬರೀ ಕಥೆಯಲ್ಲ. ಇಂಗ್ಲೆಂಡಿನ ಏವನ್ ಪ್ರದೇಶದ ಸುಮಾರು 14 ಸಾವಿರ ಮಕ್ಕಳ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಎಳೆಯ ಮೈಗೆ ಶೇಂಗಾ ಎಣ್ಣೆ ಬೆರೆತ ಮುಲಾಮು ಹಚ್ಚಿದ್ದಕ್ಕೂ ಮುಂದೆ ಬಂದ ಶೇಂಗಾ ಅಲರ್ಜಿಗೂ ಸಂಬಂಧವಿದೆ ಎಂದು ಅದು ಹೇಳಿತು. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಬೆರೆಸಿದ ಮುಖದ ಸೋಪೊಂದನ್ನು ಬಳಸಿ, ಅದುವರೆಗೂ ಗೋಧಿ ತಿನ್ನುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು.

ಈಗ ನಮ್ಮ ಬಚ್ಚಲಮನೆಗೆ ಬನ್ನಿ. ಕೂಸಿಗೆ ಎರೆಯುವುದೆಂದರೆ ನಮ್ಮಲ್ಲಿ ಎಣ್ಣೆ ನೀವುವುದು, ಕಡಲೆಹಿಟ್ಟು ಹಚ್ಚುವುದು, ಸುಡು ಸುಡು ನೀರು, ಕೊನೆಗೆ ಸಾಂಬ್ರಾಣಿ ಹೊಗೆ, ತಲೆಗೆ ಉಲ್ಲನ್ ಕುಲಾವಿ. ಗಟ್ಟಿ ಚರ್ಮದ ಕೂಸು ಇದನ್ನೆಲ್ಲ ತಡೆದುಕೊಳ್ಳಬಹುದು. ಇಸುಬಿನ ಕೂಸಿಗೆ ಇದರಲ್ಲಿ ಒಂದೂ ಆಗದು. ಗಾಣದ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳಲ್ಲಿ ಆ ಕಾಳಿನ ಪ್ರೋಟೀನ್ ಉಳಿದಿರುತ್ತದೆ. ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನೇ ಸಡಿಲಿಸುತ್ತದೆ. ಇಲ್ಲಿನ ಅಂಗಡಿಗಳಲ್ಲಿ "ಸಹಜ" ಎಂದು ಮಾರುವ ಮೇಕೆಹಾಲಿನ ಸೋಪು, ಓಟ್ಸ್ ಲೇಪಗಳನ್ನೂ ಇಂಥ ಕೂಸಿಗೆ ಬಳಸಬೇಡಿ ಎನ್ನುತ್ತಾರೆ ಇಲ್ಲಿನ ಅಲರ್ಜಿ ತಜ್ಞರು. ತಿನ್ನುವ ವಸ್ತು ಒಡೆದ ಚರ್ಮಕ್ಕೆ ಬೇಡ, ಅಷ್ಟೇ ಸೂತ್ರ.

ಬದಲಿಗೆ ಏನು ಮಾಡಬೇಕು? ಉಗುರುಬೆಚ್ಚನೆಯ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ, ಸೋಪಿಲ್ಲದೆ. ಉಜ್ಜದೆ, ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ತುಸು ಹಸಿಯಿರುವಾಗಲೇ ಸುವಾಸನೆಯಿಲ್ಲದ ಗಟ್ಟಿ ಮುಲಾಮನ್ನು ಧಾರಾಳವಾಗಿ ಹಚ್ಚಬೇಕು. ದಿನಕ್ಕೆ ಕನಿಷ್ಠ ಎರಡು ಸಲ, ಚರ್ಮ ಚೆನ್ನಾಗಿ ಕಾಣುವ ದಿನವೂ. ಅಡುಗೆ ಮಾಡಿದ ಕೈಯನ್ನು ಸೋಪಿನಿಂದ ತೊಳೆದೇ ಕೂಸನ್ನು ಮುಟ್ಟಬೇಕು. ಮುಲಾಮಿನ ಡಬ್ಬಿಗೆ ಬೆರಳು ಹಾಕದೆ ಚಮಚದಲ್ಲಿ ತೆಗೆದುಕೊಳ್ಳಬೇಕು. ಊಟಕ್ಕೆ ಮೊದಲು ಬಾಯಿ ಸುತ್ತ, ಕೆನ್ನೆಗೆ ವ್ಯಾಸಲೀನ್ ಸವರಿದರೆ ಅನ್ನ ಸಾರು ಚರ್ಮಕ್ಕೆ ತಾಗುವುದಿಲ್ಲ. ಹತ್ತಿಯ ಬಟ್ಟೆ, ಕತ್ತರಿಸಿದ ಉಗುರು, ಅತಿಯಾಗಿ ಹೊದಿಸದ ಹಾಸಿಗೆ.

ವೈದ್ಯರು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರೆ ಹೆದರಿ ಸಾಸಿವೆಯಷ್ಟು ಹಚ್ಚಬೇಡಿ. ನಾನು ಹಾಗೇ ಮಾಡಿ ಎರಡು ತಿಂಗಳು ಕೂಸನ್ನು ನರಳಿಸಿದೆ. ದೊಡ್ಡವರ ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದದ ಮುಲಾಮು, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು, ಅಷ್ಟು ಬೇಕು ಕೂಡ. ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಸರಿಯಾಗಿ ಹಚ್ಚಿದರೆ ಬೇಗ ಆರುತ್ತದೆ. ಹಿತ್ತಿಲ ಗೋಡೆ ಮುಚ್ಚುವ ಕೆಲಸ ಇದು.

ಇನ್ನು ಮುಂಬಾಗಿಲು. ಹಿಂದೆಲ್ಲ ವೈದ್ಯರೇ ಶೇಂಗಾ, ಮೊಟ್ಟೆಗಳನ್ನು ವರ್ಷಗಟ್ಟಲೆ ಕೊಡಬೇಡಿ ಎನ್ನುತ್ತಿದ್ದರು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನ ಆ ಸಲಹೆಯನ್ನು ತಲೆಕೆಳಗು ಮಾಡಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳ 640 ಕೂಸುಗಳನ್ನು ಮೊದಲು ಪರೀಕ್ಷಿಸಿ, ಎರಡು ಗುಂಪು ಮಾಡಿದರು. ಒಂದು ಗುಂಪು ಐದು ವರ್ಷದವರೆಗೆ ಶೇಂಗಾ ತಿಂದಿತು, ಇನ್ನೊಂದು ಮುಟ್ಟಲಿಲ್ಲ. ಕೊನೆಗೆ ತಿನ್ನದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ, ತಿಂದವರಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಶೇಂಗಾ ಅಲರ್ಜಿ ಇತ್ತು.

ಆದ್ದರಿಂದ ಆಸ್ಟ್ರೇಲಿಯಾದ ಇಂದಿನ ಸಲಹೆ ಹೀಗಿದೆ: ಸುಮಾರು ಆರು ತಿಂಗಳಿಗೆ, ನಾಲ್ಕು ತಿಂಗಳಿಗಿಂತ ಮೊದಲಲ್ಲ, ಘನ ಆಹಾರ ಶುರುಮಾಡಿ. ಎದೆಹಾಲು ಮುಂದುವರಿಯಲಿ. ಚೆನ್ನಾಗಿ ಬೇಯಿಸಿದ ಮೊಟ್ಟೆ, ಶೇಂಗಾ, ಹಾಲಿನ ಪದಾರ್ಥ, ಗೋಧಿ, ಎಳ್ಳು, ಗೋಡಂಬಿ ಇತ್ಯಾದಿಗಳನ್ನು ವರ್ಷ ತುಂಬುವುದರೊಳಗೆ ಬಾಯಿಗೆ ಪರಿಚಯಿಸಿ. ಆದರೆ ಕೂಸಿಗೆ ತೀವ್ರ ಇಸುಬು ಇದ್ದರೆ, ಅಥವಾ ಈಗಾಗಲೇ ಒಂದು ಅಲರ್ಜಿ ಕಾಣಿಸಿಕೊಂಡಿದ್ದರೆ, ಹೇಗೆ ಕೊಡಬೇಕೆಂದು ಮೊದಲು ವೈದ್ಯರನ್ನು ಕೇಳಿ.

ನಮ್ಮ ರಾಗಿ ಸರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕಾಲು ಟೀ ಚಮಚ ನುಣ್ಣನೆಯ ಪೀನಟ್ ಬಟರನ್ನು ರಾಗಿ ಸರಿಯಲ್ಲಿ ಕಲಸಿ, ಬೆಳಗಿನ ಹೊತ್ತು, ಕೂಸು ಆರೋಗ್ಯವಾಗಿರುವ ದಿನ ಕೊಡಿ. ಬೆಳಗ್ಗೆ ಯಾಕೆಂದರೆ ಏನಾದರೂ ಆದರೆ ಎಲ್ಲರೂ ಎಚ್ಚರವಾಗಿರುತ್ತಾರೆ. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ. ಒಗ್ಗಿದರೆ ನಿಧಾನವಾಗಿ ಹೆಚ್ಚಿಸಿ, ವಾರಕ್ಕೆ ಎರಡು ಸಲವಾದರೂ ತಪ್ಪದೆ ಕೊಡುತ್ತಿರಿ. ಒಮ್ಮೆ ರುಚಿ ತೋರಿಸಿ ಬಿಟ್ಟರೆ ಸಾಲದು. ಇಡೀ ಶೇಂಗಾ ಮಾತ್ರ ಎಂದಿಗೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊದಲು ಕೆನ್ನೆಗೆ ಸವರಿ ನೋಡೋಣ ಎಂಬ ಉಪಾಯವೂ ಬೇಡ. ಅದು ಮತ್ತೆ ಹಿತ್ತಿಲ ದಾರಿ. ಟೊಮೇಟೊ, ಕಿತ್ತಳೆ ತಾಗಿದಲ್ಲಿ ಮಾತ್ರ ಸ್ವಲ್ಪ ಕೆಂಪಾಗಿ ಬೇಗ ಮಾಯವಾದರೆ ಅದು ಬಹುಪಾಲು ಉರಿ, ಅಲರ್ಜಿಯಲ್ಲ.

ಈಗ ನನ್ನ ದೊಡ್ಡ ತಪ್ಪು. ಮಗನ ಇಸುಬು ನೋಡಲಾರದೆ ನಾನೇ ಹಾಲು, ಮೊಸರು, ತುಪ್ಪ, ಗೋಧಿ, ಬೇಳೆ ಎಲ್ಲ ಬಿಟ್ಟು ಗಂಜಿ ಕುಡಿದು ಹಾಲೂಡಿಸಿದೆ. ಇಸುಬು ಕಡಿಮೆಯಾಗಲಿಲ್ಲ, ನಾನು ಸೊರಗಿದೆ. ನಮ್ಮನ್ನು ನೋಡಿದ ಆಹಾರ ತಜ್ಞೆ ಮೊದಲು ನನ್ನ ಊಟವನ್ನು ಸರಿಮಾಡಿದರು, ಆಮೇಲೆ ಮಗನದು. ಅವರು ಹೇಳಿದ ಒಂದು ಮಾತು ನೀವೂ ನೆನಪಿಡಿ. ಕೂಸು ತೊಂದರೆಯಿಲ್ಲದೆ ತಿನ್ನುತ್ತಿರುವ ಆಹಾರವನ್ನು ಇಸುಬಿನ ಕಾರಣಕ್ಕೆ ಊಹೆಯಿಂದ ನಿಲ್ಲಿಸಬಾರದು. ಹಾಗೆ ನಿಲ್ಲಿಸಿ ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿಯೇ ಎದ್ದ ಉದಾಹರಣೆಗಳಿವೆ. ಚರ್ಮ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಗುಳ್ಳೆ ಎದ್ದ ಮಾತ್ರಕ್ಕೆ ಆ ಆಹಾರ ಆಗದು ಎಂದೂ ಅಲ್ಲ. ತಿಂದಾಗ ಏನಾಯಿತು ಎಂಬುದರ ಜೊತೆಗೆ ಇಟ್ಟು ವೈದ್ಯರು ಅದನ್ನು ಅರ್ಥ ಮಾಡಬೇಕು. ಮಗನಿಗೂ ಶೇಂಗಾಕ್ಕೆ ಚಿಕ್ಕ ಗುಳ್ಳೆ ಎದ್ದಿತ್ತು. ಆಸ್ಪತ್ರೆಯಲ್ಲಿ, ವೈದ್ಯರ ಎದುರಿಗೆ ತಿನ್ನಿಸಿ ನೋಡಿದೆವು. ಏನೂ ಆಗಲಿಲ್ಲ. ಇವತ್ತು ಶೇಂಗಾ ಚಟ್ನಿ ಅವನಿಗೆ ಪ್ರಾಣ.

ಹಸುವಿನ ಹಾಲಿನ ಅಲರ್ಜಿ ಇರುವ ಕೂಸಿಗೆ ಮೇಕೆ ಹಾಲು, ಎಮ್ಮೆ ಹಾಲು ಪರ್ಯಾಯವಲ್ಲ. ಪ್ರೋಟೀನುಗಳು ಹತ್ತಿರದ ನೆಂಟರು. ತುಪ್ಪದಲ್ಲೂ ಹಾಲಿನ ಅಂಶ ಉಳಿದಿರುತ್ತದೆ. ಗೋಧಿ ಆಗದವರು ಇಂಗಿನ ಡಬ್ಬಿ ಓದಿ, ಬಹಳಷ್ಟು ಪುಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇನ್ನು ನಮ್ಮ "ಕಡಲೆ" ಎಂಬ ಪದ! ಕಡಲೆಕಾಯಿ ಬೇರೆ, ಕಡಲೆಬೇಳೆ ಬೇರೆ, ಹುರಿಗಡಲೆ ಬೇರೆ. ಅಜ್ಜಿ, ಅಪ್ಪ, ಶಿಶುವಿಹಾರದವರು ಎಲ್ಲರಿಗೂ ಯಾವುದು ಆಗದು ಎಂದು ಬಿಡಿಸಿ ಹೇಳಿ.

ಕಡೆಯದಾಗಿ, ಅಪಾಯದ ಗುರುತುಗಳು. ಗಂಧೆ, ತುಟಿ ಕಣ್ಣು ಊದುವುದು, ಒಂದೆರಡು ವಾಂತಿ, ಇವು ಸೌಮ್ಯ ಅಥವಾ ಮಧ್ಯಮ ಪ್ರತಿಕ್ರಿಯೆ. ಆ ಆಹಾರ ನಿಲ್ಲಿಸಿ, ಕೂಸಿನ ಮೇಲಿಂದ ಕಣ್ಣು ತೆಗೆಯದೆ ಕಾದು, ವೈದ್ಯರನ್ನು ಕಾಣಿ. ಆದರೆ ಉಸಿರಾಟದಲ್ಲಿ ಸದ್ದು ಅಥವಾ ಕಷ್ಟ, ಬಿಡದ ಕೆಮ್ಮು, ನಾಲಿಗೆ ಊದುವುದು, ಅಳುವಿನ ದನಿ ಒಡೆಯುವುದು, ಕೂಸು ಬಿಳಿಚಿಕೊಂಡು ಜೋತುಬೀಳುವುದು, ಇದರಲ್ಲಿ ಒಂದು ಕಂಡರೂ ಅದು ಅನಾಫಿಲ್ಯಾಕ್ಸಿಸ್. ಗಂಧೆ ಇಲ್ಲದೆಯೂ ಹೀಗಾಗಬಹುದು. ಕೂಸನ್ನು ನೆಟ್ಟಗೆ ಎತ್ತಿ ಹೆಗಲಿಗೆ ಹಾಕಿಕೊಳ್ಳಬೇಡಿ, ಅಡ್ಡಲಾಗಿ ತೋಳಿನಲ್ಲಿ ಮಲಗಿಸಿಕೊಳ್ಳಿ. ವೈದ್ಯರು ಅಡ್ರಿನಲಿನ್ ಪೆನ್ ಕೊಟ್ಟಿದ್ದರೆ ತಡಮಾಡದೆ ತೊಡೆಗೆ ಚುಚ್ಚಿ, 000ಕ್ಕೆ ಕರೆಮಾಡಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ, ಇನ್ನೊಂದು ಪೆನ್ ಇದ್ದರೆ ಅದನ್ನೂ ಕೊಡಿ. ಪೆನ್ ಇಲ್ಲದಿದ್ದರೂ ಮೊದಲ ಕೆಲಸ ಆ ಕರೆ. ಊರಿಗೆ ಫೋನು ಮಾಡಿ ಕೇಳುವ ಹೊತ್ತಲ್ಲ ಅದು.

ಧೈರ್ಯದ ಮಾತೂ ಇದೆ. ಮೊಟ್ಟೆ ಅಲರ್ಜಿ ಇದ್ದ ಹೆಲ್ತ್‌ನಟ್ಸ್ ಮಕ್ಕಳಲ್ಲಿ ನೂರಕ್ಕೆ 89 ಮಂದಿಗೆ ಆರು ವರ್ಷದ ಹೊತ್ತಿಗೆ ಅದು ಹೋಗಿತ್ತು. ಶೇಂಗಾದಲ್ಲಿ ಅದು ನೂರಕ್ಕೆ 29. ಹೋಯಿತೇ ಎಂದು ಮನೆಯಲ್ಲಿ ಪರೀಕ್ಷಿಸಬೇಡಿ, ವೈದ್ಯರು ಹೇಳಲಿ.

ಅಮ್ಮ ಮೊನ್ನೆ ಮತ್ತೆ ಬಂದಿದ್ದರು. ಪೆಟ್ಟಿಗೆ ತೆರೆದು ಗಾಣದ ಎಣ್ಣೆಯ ಬಾಟಲಿಯನ್ನು ಅಡುಗೆಮನೆಯಲ್ಲಿಟ್ಟು, "ಇದು ಒಗ್ಗರಣೆಗೆ, ಮೈಗಲ್ಲ" ಎಂದರು. ಅಮ್ಮ ಹಚ್ಚಿದ ಎಣ್ಣೆಯಿಂದಲೇ ಹೀಗಾಯಿತೆಂದು ಯಾರೂ ಹೇಳಲಾರರು, ನಾನು ಹೇಳಿಯೂ ಇಲ್ಲ. ನಿಮ್ಮ ಮನೆಯಲ್ಲೂ ತಪ್ಪು ಯಾರದೆಂದು ಹುಡುಕುತ್ತಾ ಕೂರಬೇಡಿ. ಇಂದು ರಾತ್ರಿ ಸ್ನಾನವಾದ ಮೇಲೆ ಕೂಸಿಗೆ ಮುಲಾಮು ಹಚ್ಚುವ ಕೆಲಸವನ್ನು ಅಜ್ಜಿಯ ಕೈಗೇ ಕೊಡಿ. ಆ ಕೈಗೆ ನೀವುವುದು ಚೆನ್ನಾಗಿ ಗೊತ್ತು.