ಪೆನ್ನಿ ತೆರಿಗೆಯ ಗ್ರಂಥಾಲಯಗಳು

ಐರ್ಲೆಂಡ್ ಎಂದೊಡನೆ ನಮ್ಮ ಕುಟುಂಬಗಳಲ್ಲಿ ಸಂತ ಪ್ಯಾಟ್ರಿಕರ ನೆನಪಾಗುವುದು ಸಹಜ. ಆ ದೇಶದ ಗುರುಗಳೂ ಧರ್ಮಭಗಿನಿಯರೂ ಭಾರತದಲ್ಲಿ ನಡೆಸಿದ ಶಾಲೆಗಳ ನೆನಪೂ ಕೆಲವರಿಗೆ ಆದೀತು. ಆದರೆ ಅಲ್ಲಿನ ಸಣ್ಣ ಪಟ್ಟಣಗಳಲ್ಲಿ, ಚರ್ಚಿಗೆ ಅನತಿ ದೂರದಲ್ಲಿ, ಮತ್ತೊಂದು ಬಗೆಯ ಹಳೆಯ ಕಟ್ಟಡ ಕಾಣಸಿಗುತ್ತದೆ. ಅವೇ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಉಕ್ಕಿನ ವ್ಯಾಪಾರದಿಂದ ಸಿರಿವಂತನಾದ ಆಂಡ್ರೂ ಕಾರ್ನೆಗಿಯ ಹಣದಿಂದ ಎದ್ದ ಸಾರ್ವಜನಿಕ ಗ್ರಂಥಾಲಯಗಳು. ಅವುಗಳ ಇತಿಹಾಸದಲ್ಲಿ ಕೆಥೋಲಿಕರಾದ ನಾವು ಅರಿಯಬೇಕಾದ ಒಂದು ಅಧ್ಯಾಯವಿದೆ. ಅದು ಅಷ್ಟೇನೂ ಹಿತವಾದ ಅಧ್ಯಾಯವಲ್ಲ.

ಕಾರ್ನೆಗಿ 1835ರಲ್ಲಿ ಡನ್‌ಫರ್ಮ್‌ಲಿನ್ ಪಟ್ಟಣದ ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಹುಟ್ಟಿದನು. 1848ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಅಲ್ಲಿ ಕರ್ನಲ್ ಆಂಡರ್ಸನ್ ಎಂಬ ಸಜ್ಜನರು ತಮ್ಮ ಮನೆಯ ಸುಮಾರು 400 ಪುಸ್ತಕಗಳನ್ನು ಪ್ರತಿ ಶನಿವಾರ ದುಡಿಯುವ ಹುಡುಗರಿಗೆ ಎರವಲು ನೀಡುತ್ತಿದ್ದರು. ಆ ಉಪಕಾರವನ್ನು ಕಾರ್ನೆಗಿ ಮರೆಯಲಿಲ್ಲ. ಅದೇ ಕಾರ್ನೆಗಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ 1892ರಲ್ಲಿ ಮುಷ್ಕರ ಹೂಡಿದ ಕಾರ್ಮಿಕರು ಗುಂಡಿಗೆ ಬಲಿಯಾದರು ಎಂಬುದನ್ನೂ ಮರೆಯಲಾಗದು. ಕೂಲಿಕಾರರ ನ್ಯಾಯವಾದ ವೇತನವನ್ನು ಕುರಿತು ಜಗದ್ಗುರು ಹದಿಮೂರನೆಯ ಲಿಯೋ ತಮ್ಮ ವಿಶ್ವಪತ್ರವನ್ನು ಹೊರಡಿಸಿದ್ದು ಅದಕ್ಕೆ ಒಂದೇ ವರ್ಷ ಮೊದಲು, 1891ರಲ್ಲಿ.

ಐರ್ಲೆಂಡಿಗೆ 1897ರಿಂದ 1913ರ ನಡುವೆ ಸುಮಾರು 80 ಗ್ರಂಥಾಲಯಗಳಿಗೆಂದು ಕಾರ್ನೆಗಿಯಿಂದ 1,70,000 ಪೌಂಡಿಗೂ ಮಿಕ್ಕಿದ ಹಣ ಮಂಜೂರಾಯಿತು. ಡಬ್ಲಿನ್ನಿನ ಉತ್ತರಕ್ಕಿರುವ ಸ್ವೋರ್ಡ್ಸ್, ಮಲಹೈಡ್, ಸ್ಕೆರೀಸ್ ಮುಂತಾದ ಊರುಗಳಿಗೂ ಲಿಮರಿಕ್ ಕೌಂಟಿಯ ಪುಟ್ಟ ಹಳ್ಳಿಗಳಿಗೂ ಈ ಭಾಗ್ಯ ಒದಗಿತು. ಕಿಲ್ಕೆನಿಯಲ್ಲಿ ನೋರ್ ನದಿಯ ದಂಡೆಯ ಮೇಲಿನ ಗ್ರಂಥಾಲಯ 1910ರಲ್ಲಿ ತೆರೆಯಿತು. ಓದುವ ಕೋಣೆಯ ಜತೆಗೆ ಸಭೆ, ಸಂಗೀತಗಳಿಗೆಂದು ಒಂದು ಸಭಾಂಗಣವನ್ನೂ ಹಲವೆಡೆ ಕಟ್ಟಿಸಿಕೊಂಡರು. ಬಡ ಪಟ್ಟಣವೊಂದರಲ್ಲಿ ಎಲ್ಲರೂ ಹಣ ಕೊಡದೆ ಪ್ರವೇಶಿಸಬಹುದಾದ, ಚರ್ಚಿನ ಹೊರತಾದ ಒಂದು ಘನವಾದ ಕಟ್ಟಡವಿರುವುದೆಂದರೆ ಅಂದಿಗೆ ಸಣ್ಣ ಸಂಗತಿಯಲ್ಲ.

ದಾನಿಯ ಷರತ್ತುಗಳು ಸರಳವಾಗಿದ್ದವು. ಊರಿನ ಆಡಳಿತ ಗ್ರಂಥಾಲಯ ಕಾನೂನನ್ನು ಅಂಗೀಕರಿಸಬೇಕು, ನಿವೇಶನ ಒದಗಿಸಬೇಕು, ತೆರಿಗೆ ಎತ್ತಿ ಸಂಸ್ಥೆಯನ್ನು ನಡೆಸಬೇಕು. ಕಟ್ಟಡ ದಾನಿಯದು, ಪುಸ್ತಕ, ದೀಪ, ಸಂಬಳ ಊರಿನವು. ತೊಡಕು ಉಂಟಾದದ್ದು ಇಲ್ಲಿಯೇ. 1855ರ ಕಾನೂನಿನ ಪ್ರಕಾರ ಈ ತೆರಿಗೆಯು ಆಸ್ತಿಯ ಮೌಲ್ಯದ ಪ್ರತಿ ಪೌಂಡಿಗೆ ಒಂದು ಪೆನ್ನಿಯನ್ನು ಮೀರುವಂತಿರಲಿಲ್ಲ. ಅಂದು ಪೌಂಡಿಗೆ 240 ಪೆನ್ನಿ. ಅಂದರೆ ಒಟ್ಟು 12,000 ಪೌಂಡು ಮೌಲ್ಯದ ಆಸ್ತಿಯುಳ್ಳ ಊರಿಗೆ ವರ್ಷಕ್ಕೆ ದೊರೆಯುತ್ತಿದ್ದುದು 50 ಪೌಂಡು ಮಾತ್ರ. ಇದರಲ್ಲಿ ಗ್ರಂಥಪಾಲಕನಿಗೆ ಕೊಡುವುದೆಷ್ಟು, ಇದ್ದಲಿಗೆ ಎಷ್ಟು, ಪುಸ್ತಕಕ್ಕೆ ಎಷ್ಟು? 1902ರ ಕಾನೂನು ಗ್ರಾಮಾಂತರ ಮಂಡಳಿಗಳಿಗೂ ಗ್ರಂಥಾಲಯ ತೆರೆಯುವ ಅಧಿಕಾರ ನೀಡಿದ ಮೇಲೆ ಹಳ್ಳಿಗಳ ಗತಿ ಇನ್ನೂ ಬಿಗಡಾಯಿಸಿತು. ಕಟ್ಟಡ ಎದ್ದುನಿಂತರೂ ಕಪಾಟುಗಳು ತುಂಬಲಿಲ್ಲ. ಕೆಲವೆಡೆ ಸಭಾಂಗಣವೇ ಮುಖ್ಯವಾಗಿ, ಗ್ರಂಥಾಲಯವೆಂಬುದು ಹೆಸರಿಗೆ ಮಾತ್ರ ಉಳಿಯಿತು.

1915ರಲ್ಲಿ ಪ್ರೊಫೆಸರ್ ಆಡಮ್ಸ್ ಅವರು ಕಾರ್ನೆಗಿ ಟ್ರಸ್ಟಿಗೆ ಸಲ್ಲಿಸಿದ ವರದಿ ಇದನ್ನು ಮುಚ್ಚುಮರೆಯಿಲ್ಲದೆ ತಿಳಿಸಿತು. ಊರಿನ ಶಕ್ತಿ ಮೀರಿ ಕಟ್ಟಡಕ್ಕೆ ವ್ಯಯಿಸಿ, ಓದಿಗೆ ಬೇಕಾದುದನ್ನು ಕಡೆಗಣಿಸಲಾಗಿದೆ ಎಂಬುದು ಅದರ ತಾತ್ಪರ್ಯ. ಟ್ರಸ್ಟ್ ತನ್ನ ದಾರಿ ಬದಲಿಸಿತು. ಇಡೀ ಕೌಂಟಿಗೆ ಒಂದು ಕೇಂದ್ರ; ಅಲ್ಲಿಂದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಹಳ್ಳಿಯ ಶಾಲೆಗಳಿಗೆ, ಸಭಾಗೃಹಗಳಿಗೆ ಹೋಗುವುದು; ಕೆಲಕಾಲದ ನಂತರ ಹಿಂತಿರುಗಿ ಬೇರೆಯವು ಬರುವುದು. ಭವ್ಯ ಮುಖಮಂಟಪವಿಲ್ಲದ ಈ ಪೆಟ್ಟಿಗೆಗಳೇ ಹೆಚ್ಚು ಜನರನ್ನು ತಲುಪಿದವೆಂದು ನಮ್ಮ ಅನಿಸಿಕೆ. 1925ರಲ್ಲಿ ಸ್ವತಂತ್ರ ಐರ್ಲೆಂಡಿನ ಕಾನೂನು ಈ ಹೊಣೆಯನ್ನು ಕೌಂಟಿ ಪರಿಷತ್ತುಗಳಿಗೆ ವಹಿಸಿತು.

ಹೀಗೆ ಹಣದ ತೊಡಕು ಒಂದಿಷ್ಟು ಪರಿಹಾರವಾಗುತ್ತಿದ್ದಂತೆ ಬೇರೊಂದು ತೊಡಕು ತಲೆದೋರಿತು. ಪಶ್ಚಿಮದ ಮೇಯೋ ಕೌಂಟಿ ಬಹುತೇಕ ಕೆಥೋಲಿಕ ಜನರ ನಾಡು. 1930ರಲ್ಲಿ ಅಲ್ಲಿಯ ಗ್ರಂಥಪಾಲಕ ಹುದ್ದೆಗೆ ಸರಕಾರದ ನೇಮಕಾತಿ ಆಯೋಗವು ಲೆಟೀಶಿಯಾ ಡನ್‌ಬಾರ್ ಹ್ಯಾರಿಸನ್ ಎಂಬ ಪದವೀಧರೆಯನ್ನು ಆರಿಸಿತು. ಆಕೆ ಪ್ರೊಟೆಸ್ಟಂಟ್, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವರು. ಧರ್ಮಗುರುಗಳೂ ಇದ್ದ ಗ್ರಂಥಾಲಯ ಸಮಿತಿ ಆಕೆಯನ್ನು ಒಪ್ಪಲಿಲ್ಲ. ಐರಿಷ್ ಭಾಷೆ ಸಾಲದೆಂಬುದು ಹೊರಗೆ ಹೇಳಿದ ಕಾರಣ. ಧರ್ಮದ ಕಾರಣವೂ ಬಹುಕಾಲ ಮರೆಯಲ್ಲಿ ಉಳಿಯಲಿಲ್ಲ. ಪರಿಷತ್ತು ಸಮಿತಿಯ ಪಕ್ಷ ವಹಿಸಿದಾಗ ಸರಕಾರ ಪರಿಷತ್ತನ್ನೇ ವಿಸರ್ಜಿಸಿ, ಆಡಳಿತಾಧಿಕಾರಿಯ ಮೂಲಕ ಆಕೆಯನ್ನು ನೇಮಿಸಿತು. ಜನರು ಬಹಿಷ್ಕಾರ ಹೂಡಿದರು. ಪುಸ್ತಕದ ಪೆಟ್ಟಿಗೆಗಳು ಹಳ್ಳಿಗಳಿಂದ ಹಿಂತಿರುಗಿದವು, ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. 1931ರ ಜೂನಿನಲ್ಲಿ ಡಿ ವಲೇರಾ ಅವರೂ ಸಂಸತ್ತಿನಲ್ಲಿ ಬಹಿಷ್ಕಾರದವರ ಕಡೆಗೆ ಮಾತನಾಡಿದರು. ಕಡೆಗೆ 1932ರ ಜನವರಿಯಲ್ಲಿ, ಚುನಾವಣೆಗೆ ತಿಂಗಳು ಉಳಿದಿರುವಾಗ, ಸರಕಾರ ಆಕೆಯನ್ನು ಡಬ್ಲಿನ್ನಿನ ಸೇನಾ ಗ್ರಂಥಾಲಯಕ್ಕೆ ವರ್ಗಾಯಿಸಿತು.

ಕೆಟ್ಟ ಪುಸ್ತಕಗಳು ಮಕ್ಕಳ ಕೈಗೆ ಸಿಗಬಹುದೆಂಬ ಹೆತ್ತವರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮೇಯೋದ ರೈತನ ಮಗ ಆ ತಿಂಗಳುಗಳಲ್ಲಿ ಕಳೆದುಕೊಂಡದ್ದು ಒಳ್ಳೆಯ ಪುಸ್ತಕಗಳನ್ನೂ ಅಲ್ಲವೆ? ಅದೇ ಕಾಲದ ಅದೇ ನಾಡಿನಲ್ಲಿ ಬೇರೊಂದು ದಾರಿ ಹಿಡಿದವರೂ ಇದ್ದರು. ಯೇಸುಸಭೆಯ ವಂದನೀಯ ಸ್ಟೀಫನ್ ಬ್ರೌನ್ ಅವರು 1922ರಲ್ಲಿ ಡಬ್ಲಿನ್ನಿನಲ್ಲಿ ಸೆಂಟ್ರಲ್ ಕೆಥೋಲಿಕ್ ಲೈಬ್ರರಿಯನ್ನು ಸ್ಥಾಪಿಸಿದ್ದರು. ಒಳ್ಳೆಯ ಪುಸ್ತಕ ಬೇಕೆಂದರೆ ಅದನ್ನು ಕೂಡಿಸಿ ಓದುಗನ ಮುಂದಿಡಬೇಕು ಎಂಬ ಮಾರ್ಗ ಅವರದು.

ಆ ಪೆನ್ನಿ ತೆರಿಗೆಗೂ ನಮ್ಮ ನಾಡಿಗೂ ನಂಟಿದೆ. ಇಂಗ್ಲೆಂಡಿನಲ್ಲಿ ಇಂಥದೇ ತೆರಿಗೆಯಿಂದ ಬೆಳೆದ ಗ್ರಂಥಾಲಯಗಳನ್ನು ಡಾ. ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಅಲ್ಲಿಗೆ ತೆರಳಿ ಕಣ್ಣಾರೆ ಕಂಡರು. ಅವರ ಶ್ರಮದಿಂದ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು ಜಾರಿಗೆ ಬಂದಾಗ ದಕ್ಷಿಣ ಕನ್ನಡವೂ ಮದರಾಸಿಗೆ ಸೇರಿತ್ತು. ಕರ್ನಾಟಕದ ಸ್ವಂತ ಕಾನೂನು 1965ರದು. ಅದರಂತೆ ಆಸ್ತಿ ತೆರಿಗೆಯ ಮೇಲೆ ಈಗ ಶೇ. 6ರಷ್ಟು ಗ್ರಂಥಾಲಯ ಕರವಿದೆ. ಅದನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆ, ಸಲ್ಲಬೇಕಾದುದು ಗ್ರಂಥಾಲಯಕ್ಕೆ. ನಡುದಾರಿಯಲ್ಲಿ ಬಾಕಿ ಉಳಿಯುವುದೂ ಉಂಟು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಇಂದು ಅರಿವು ಕೇಂದ್ರಗಳೆಂದು ಕರೆಯಲ್ಪಡುತ್ತಿವೆ.

ಮಹೋತ್ಸವದ ನೆನಪಿಗೆ ಧರ್ಮಕೇಂದ್ರದಲ್ಲಿ ಹೊಸ ಕಟ್ಟಡ ಎದ್ದಾಗ ಒಂದು ಕೋಣೆಯ ಬಾಗಿಲಿಗೆ ‘ವಾಚನಾಲಯ’ ಎಂಬ ಫಲಕ ಬೀಳುವುದು ವಾಡಿಕೆ. ಆಶೀರ್ವಚನದ ದಿನ ದಾನಿಗಳ ಹೆಸರನ್ನು ಓದಲಾಗುತ್ತದೆ. ಮರುವರ್ಷ ಹೊಸ ಪುಸ್ತಕಕ್ಕೆ ಎಷ್ಟು ತೆಗೆದಿರಿಸಲಾಗಿದೆ, ಸಂಜೆ ಬೀಗ ತೆರೆಯುವವರು ಯಾರು ಎಂಬುದನ್ನು ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಕುಟುಂಬಗಳು ಕೇಳಬಹುದು. ಪಂಚಾಯತಿಯ ಅರಿವು ಕೇಂದ್ರ ಎಷ್ಟು ಗಂಟೆಗೆ ತೆರೆಯುತ್ತದೆಂಬುದನ್ನೂ ಅದೇ ಸಂಜೆ ನೋಡಿಬರಬಹುದು.