ಟೆಸ್ಟ್ ಸೋಲಬೇಕಾದಾಗ ಸೋಲುತ್ತದೆಯೇ?

ಗಿಟ್ ಬಳಸದ ಸಾಫ್ಟ್‌ವೇರ್ ಎಂಜಿನಿಯರ್ ಇವತ್ತು ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಕೋಡಿನ ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂಬ ಲೆಕ್ಕ ಇಡುವ ಈ ತಂತ್ರಾಂಶವನ್ನು ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ಗೋಸ್ಕರ ಬರೆಯತೊಡಗಿದರು. ಕೆಲವೇ ತಿಂಗಳಲ್ಲಿ ಅದರ ಉಸ್ತುವಾರಿ ಜೂನಿಯೋ ಹಮಾನೋ ಅವರ ಕೈಗೆ ಬಂತು. ಇಷ್ಟು ಜನರ ದುಡಿಮೆಯನ್ನು ಒಡಲಲ್ಲಿಟ್ಟುಕೊಂಡ ಸಾಫ್ಟ್‌ವೇರ್ ತಾನೇ ಎಡವಬಾರದಲ್ಲ! ಅದಕ್ಕೆಂದೇ ಗಿಟ್‌ನ ಮೂಲ ಕೋಡಿನೊಳಗೆ ‘ಟಿ’ ಎಂಬ ಒಂದಕ್ಷರದ ಫೋಲ್ಡರ್ ಇದೆ. ಅದರ ತುಂಬ ಟೆಸ್ಟ್‌ಗಳು.

ಟೆಸ್ಟ್ ಅಂದರೆ ಪ್ರೋಗ್ರಾಮನ್ನು ಪರೀಕ್ಷಿಸುವ ಇನ್ನೊಂದು ಪುಟ್ಟ ಪ್ರೋಗ್ರಾಮ್. ಇದನ್ನು ಕೊಟ್ಟರೆ ಇಂಥ ಉತ್ತರ ಬರಬೇಕು ಎಂದು ಮೊದಲೇ ಬರೆದಿಟ್ಟು, ಬಂದದ್ದನ್ನು ಅದರ ಜೊತೆ ಹೋಲಿಸಿ ನೋಡುತ್ತದೆ. ಸರಿಯಾಗಿದ್ದರೆ ಹಸಿರು, ತಪ್ಪಿದ್ದರೆ ಕೆಂಪು.

ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ 2005ರಲ್ಲೇ ಶುರುವಾದದ್ದು. ಓಪನ್ ಸೋರ್ಸ್ ತಂಡವೊಂದರ ಹಿರಿಯರ ಕೈಕೆಳಗೆ ಹೊಸಬರು ಒಂದು ಬೇಸಿಗೆ ಕೆಲಸ ಮಾಡುತ್ತಾರೆ, ಅದಕ್ಕೆ ಗೌರವಧನವೂ ಸಿಗುತ್ತದೆ. ನಮ್ಮ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಪಾಲ್ಗೊಳ್ಳುತ್ತಾರೆ. ಗಿಟ್ ತಂಡ ಈಚಿನ ವರ್ಷಗಳಲ್ಲಿ ಅವರ ಮುಂದಿಟ್ಟ ಕೆಲಸಗಳಲ್ಲಿ ಟೆಸ್ಟ್‌ಗಳ ಸುಧಾರಣೆಯೂ ಒಂದು. ಹೊಸ ಸೌಲಭ್ಯ ಕಟ್ಟುವುದಕ್ಕಿಂತ ಕಲಿಯುವವರಿಗೆ ಇದೇ ಒಳ್ಳೆಯ ಕೆಲಸ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೆಸ್ಟ್ ತಿದ್ದಬೇಕಾದರೆ ಆ ಕೋಡ್ ಏನು ಮಾಡಬೇಕು, ಎಲ್ಲಿ ತಪ್ಪಬಹುದು ಎರಡೂ ಗೊತ್ತಿರಬೇಕು.

ಸಮಸ್ಯೆ ಏನೆಂದರೆ, ಗಿಟ್‌ನ ಟೆಸ್ಟ್‌ಗಳಲ್ಲಿ ಹೆಚ್ಚಿನವು ಶೆಲ್ ಸ್ಕ್ರಿಪ್ಟ್‌ಗಳು, ಅಂದರೆ ಒಂದಾದ ಮೇಲೊಂದು ಓಡುವ ಕಮಾಂಡುಗಳ ಪಟ್ಟಿಗಳು. ಒಳಗಿನ ಸಣ್ಣ ಭಾಗವೊಂದನ್ನು ಪರೀಕ್ಷಿಸಲಿಕ್ಕೂ ಸ್ಕ್ರಿಪ್ಟ್ ಒಂದು ಸಹಾಯಕ ಪ್ರೋಗ್ರಾಮನ್ನು ಹೊಸದಾಗಿ ಚಾಲೂ ಮಾಡಬೇಕು, ಅದು ಮುದ್ರಿಸಿದ್ದನ್ನು ಓದಿ ಹೋಲಿಸಬೇಕು. ಪ್ರತಿ ಸಲ ಪ್ರೋಗ್ರಾಮ್ ಚಾಲೂ ಮಾಡುವುದಕ್ಕೆ ಸಮಯ ಹಿಡಿಯುತ್ತದೆ. ವಿಂಡೋಸ್‌ನಲ್ಲಂತೂ ಇನ್ನೂ ಹೆಚ್ಚು. ಹಾಗಾಗಿ ಇಂಥ ಟೆಸ್ಟ್‌ಗಳನ್ನು ಆ ಸಣ್ಣ ಭಾಗವನ್ನು ನೇರವಾಗಿ ಪರೀಕ್ಷಿಸುವ, ಸಿ ಭಾಷೆಯ ಯೂನಿಟ್ ಟೆಸ್ಟ್‌ಗಳಾಗಿ ಬದಲಿಸುವ ಕೆಲಸ ನಡೆದಿದೆ. 2024ರಲ್ಲಿ ಇದಕ್ಕೆಂದು ‘ಕ್ಲಾರ್’ ಎಂಬ ಚೌಕಟ್ಟನ್ನು ಗಿಟ್ ತನ್ನದಾಗಿಸಿಕೊಂಡಿತು.

ಒಂದು ಟೆಸ್ಟನ್ನು ಹತ್ತಿರದಿಂದ ನೋಡೋಣ. ಬದಲಾವಣೆಗಳ ಇತಿಹಾಸವನ್ನು ಹೊಸದರಿಂದ ಹಳೆಯದಕ್ಕೆ ತೋರಿಸಲು ಗಿಟ್ ಒಳಗೊಳಗೇ ಒಂದು ಆದ್ಯತಾ ಸರದಿಯನ್ನು ಬಳಸುತ್ತದೆ. ಹೇಗೆ ತುಂಬಿದರೂ ಗೊತ್ತಾದ ಕ್ರಮದಲ್ಲೇ ಹೊರಗೆ ಕೊಡುವುದು ಅದರ ಕೆಲಸ. ಅದರ ಟೆಸ್ಟ್ 1ರಿಂದ 10ರವರೆಗಿನ ಅಂಕಿಗಳನ್ನು ಕಲೆಸಿ ಒಳಗೆ ಹಾಕಿ, ಏರಿಕೆಯ ಕ್ರಮದಲ್ಲಿ ಬರುತ್ತವೆಯೇ ಎಂದು ನೋಡುತ್ತದೆ. ಹಾಗೆ ಹಾಕುವಾಗ 5ನ್ನು ಎರಡು ಸಲ ಹಾಕುತ್ತದೆ. ಸಮಾನ ಬೆಲೆಯ ಎರಡು ಸೇರಿದಾಗ ಒಂದು ಕಳೆದುಹೋದರೆ ಆ ಎರಡನೇ 5 ಹಿಡಿದುಕೊಡುತ್ತದೆ. ಆತುರದಲ್ಲಿ ಟೆಸ್ಟನ್ನು ಹೊಸ ಚೌಕಟ್ಟಿಗೆ ಬರೆಯುವ ವಿದ್ಯಾರ್ಥಿ ಅದನ್ನು ಅಚ್ಚಿನ ತಪ್ಪೆಂದು ಒಳಹಾಕುವ ಪಟ್ಟಿಯಿಂದಲೂ ಬರಬೇಕಾದ ಉತ್ತರದಿಂದಲೂ ತೆಗೆದುಬಿಟ್ಟರೂ ಪರದೆಯ ಮೇಲೆ ಎಲ್ಲ ಹಸಿರೇ ಇರುತ್ತದೆ. ಕಾವಲು ಮಾತ್ರ ಕಡಿಮೆಯಾಗಿರುತ್ತದೆ.

ಅದಕ್ಕೇ ಸಮ್ಮರ್ ಆಫ್ ಕೋಡ್‌ನ ಅರ್ಜಿಗೆ ಯೋಜನೆ ಬರೆಯುವಾಗ ಎಷ್ಟು ಫೈಲ್ ಬದಲಿಸುತ್ತೇನೆ ಎನ್ನುವುದಕ್ಕಿಂತ, ಹೊಸ ಟೆಸ್ಟ್ ಹಳೆಯದರಷ್ಟೇ ಚುರುಕಾಗಿದೆ ಎಂದು ಹೇಗೆ ತೋರಿಸುತ್ತೇನೆ ಎಂಬುದಕ್ಕೆ ಮೊದಲ ಜಾಗ ಕೊಡಬೇಕು. ದಾರಿ ಹಳೆಯದೇ. ಕೋಡನ್ನು ಬೇಕೆಂದೇ ಕೆಡಿಸಿ ನೋಡುವುದು. 1971ರಲ್ಲಿ ರಿಚರ್ಡ್ ಲಿಪ್ಟನ್ ವಿದ್ಯಾರ್ಥಿಯಾಗಿದ್ದಾಗಲೇ ಈ ವಿಚಾರ ಮುಂದಿಟ್ಟಿದ್ದರು. 1978ರಲ್ಲಿ ಅವರು ಡಿಮಿಲ್ಲೋ ಮತ್ತು ಸೇವರ್ಡ್ ಜೊತೆ ಬರೆದ ಪ್ರಬಂಧದಿಂದ ಅದು ‘ಮ್ಯುಟೇಶನ್ ಟೆಸ್ಟಿಂಗ್’ ಎಂದು ಬೆಳೆಯಿತು. ಕೋಡಿನಲ್ಲಿ ‘ಚಿಕ್ಕದು’ ಎಂಬ ಚಿಹ್ನೆಯನ್ನು ‘ದೊಡ್ಡದು’ ಮಾಡಿ, ಕೂಡುವಲ್ಲಿ ಕಳೆದು, ಒಂದು ಸಾಲನ್ನು ಅಳಿಸಿ ಟೆಸ್ಟ್ ಓಡಿಸಬೇಕು. ಆಗಲೂ ಹಸಿರು ಬಂದರೆ ಆ ಜಾಗವನ್ನು ಟೆಸ್ಟ್ ಕಾಯುತ್ತಿಲ್ಲವೆಂದು ಬಹುಪಾಲು ತಿಳಿಯಬಹುದು. ಬಹುಪಾಲು ಎಂದೆ, ಕೆಲವು ಬದಲಾವಣೆಗಳಿಂದ ಪ್ರೋಗ್ರಾಮಿನ ವರ್ತನೆಯೇ ಬದಲಾಗುವುದಿಲ್ಲ, ಅವನ್ನು ಮನುಷ್ಯರೇ ಕೂತು ಬೇರ್ಪಡಿಸಬೇಕು. ಪ್ರತಿ ಕೆಡಿಸುವಿಕೆಗೂ ಟೆಸ್ಟ್ ಮತ್ತೆ ಓಡಬೇಕಾದ್ದರಿಂದ ಇಡೀ ಗಿಟ್‌ಗೆ ಇದನ್ನು ಮಾಡಹೋದರೆ ಬೇಸಿಗೆ ಸಾಲದು. ಬದಲಿಸುತ್ತಿರುವ ಫೈಲ್ ಪರೀಕ್ಷಿಸುವ ಕೋಡಿಗಷ್ಟೇ ಮಾಡಿದರೆ ಸಾಕು.

ಹಳೆಯ ಸ್ಕ್ರಿಪ್ಟ್‌ಗಳಲ್ಲೂ ಕಾಯದ ಜಾಗಗಳಿವೆ. ಗಿಟ್ ಕಮಾಂಡಿನ ಉತ್ತರವನ್ನು ಪೈಪ್ ಮೂಲಕ ‘ಗ್ರೆಪ್’ಗೆ ಕೊಟ್ಟು, ಬೇಕಾದ ಪದ ಇದೆಯೇ ಎಂದು ಹುಡುಕುವ ಸಾಲುಗಳನ್ನೇ ನೋಡಿ. ಪೈಪಿನ ಕೊನೆಯ ಕಮಾಂಡ್ ಗೆದ್ದಿತೇ ಎಂಬುದನ್ನಷ್ಟೇ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಿಟ್ ಆ ಪದವನ್ನು ಮುದ್ರಿಸಿ ಮರುಗಳಿಗೆ ಕುಸಿದುಬಿದ್ದರೂ ಗ್ರೆಪ್‌ಗೆ ಪದ ಸಿಕ್ಕಿರುತ್ತದೆ, ಟೆಸ್ಟ್ ಪಾಸಾಗುತ್ತದೆ. ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿಟ್ಟ ಮನೆಯ ಹಾಗೆ, ತೊಂದರೆ ಇಲ್ಲವೆಂದೇ ಕಾಣುತ್ತದೆ. ಮೊದಲು ಉತ್ತರವನ್ನು ಫೈಲಿಗೆ ಬರೆಸಿ, ಆಮೇಲೆ ಫೈಲಿನಲ್ಲಿ ಹುಡುಕುವುದು ಇದಕ್ಕೆ ಪರಿಹಾರ. ಇಂಥ ಸಣ್ಣ ತಿದ್ದುಪಡಿಯೊಂದನ್ನು ಅರ್ಜಿ ಹಾಕುವ ಮುನ್ನವೇ ಮಾಡಿ ತೋರಿಸಬೇಕೆಂದು ಗಿಟ್ ತಂಡ ಕೇಳುತ್ತದೆ. ಇದು ಒಳ್ಳೆಯ ಪದ್ಧತಿ. ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವುದು, ಟೀಕೆಗೆ ಉತ್ತರಿಸುವುದು, ತಿದ್ದಿ ಮತ್ತೆ ಕಳಿಸುವುದು ಎಲ್ಲ ಅಲ್ಲೇ ರೂಢಿಯಾಗುತ್ತದೆ.

ಇನ್ನು ವೇಳಾಪಟ್ಟಿ. ಸಮ್ಮರ್ ಆಫ್ ಕೋಡ್‌ನ ಸಾಮಾನ್ಯ ಅವಧಿ 12 ವಾರ. ದೊಡ್ಡ ಯೋಜನೆಗೆ 350 ಗಂಟೆ, ಮಧ್ಯಮಕ್ಕೆ 175. ವಾರಕ್ಕೆ ಇಷ್ಟು ಫೈಲ್ ಎಂದು ಕೊನೆಯ ವಾರದವರೆಗೂ ತುಂಬಿಟ್ಟ ಪಟ್ಟಿ ನೋಡಲು ಚೆಂದ, ನಡೆಯುವುದು ಮಾತ್ರ ಕಷ್ಟ. ಕಳಿಸಿದ ಪ್ಯಾಚ್‌ಗೆ ಹಿರಿಯರ ಮಾತು ಬರಲು ದಿನಗಳಾಗುತ್ತವೆ, ಅದನ್ನು ಎರಡು ಮೂರು ಸಲ ತಿದ್ದಿ ಬರೆಯುವುದು ಮಾಮೂಲು. ಹಾಗಾಗಿ ಒಂದು ಪ್ಯಾಚ್ ಪರಿಶೀಲನೆಯಲ್ಲಿರುವಾಗಲೇ ಇನ್ನೊಂದರ ಕೆಲಸ ನಡೆಯುವಂತೆ, ಒಂದರ ಮೇಲೊಂದು ಆತುಕೊಳ್ಳದ ಫೈಲ್‌ಗಳನ್ನು ಆರಿಸಬೇಕು. ಮೊದಲನೆಯದು ಆದಷ್ಟೂ ಚಿಕ್ಕದಿರಲಿ. ಪ್ರತಿ ಪ್ಯಾಚ್‌ನ ಟಿಪ್ಪಣಿಯಲ್ಲಿ ಕೋಡನ್ನು ಎಲ್ಲಿ ಕೆಡಿಸಿ ನೋಡಿದೆ, ಹಳೆಯ ಟೆಸ್ಟ್ ಏನೆಂದಿತು, ಹೊಸದು ಏನೆಂದಿತು ಎಂದು ಎರಡು ಸಾಲು ಬರೆದರೆ ಪರಿಶೀಲಿಸುವವರ ಅರ್ಧ ಕೆಲಸ ಮುಗಿದಂತೆ. ಹಳೆಯ ಸ್ಕ್ರಿಪ್ಟನ್ನು ಅಳಿಸುವುದು ಆ ಎರಡು ಸಾಲನ್ನು ಅವರು ಒಪ್ಪಿದ ಮೇಲೆ.